ಹಳೇ ಚಾರ್ಜರ್ ಆಗುತ್ತಾ

ಹಲ್ಲುಜ್ಜಿ ಬಾಯಿ ತೊಳೆದಾದ ಮೇಲೆ ಅವಳು ಬ್ರಷ್ಷಿಗೆ ಮತ್ತೆ ಪೇಸ್ಟು ಹಾಕಿಕೊಂಡಿದ್ದಳು. ಅದು ಬಾಯಿಗೆ ಹೋಗಿ ನೊರೆಯಾದಾಗಲೇ ಇದು ಎರಡನೆಯ ಸಲ ಎಂದು ತಿಳಿದದ್ದು. ಉಗುಳುವುದನ್ನೂ ಮರೆತು ನಿಂತಳು. ಬಚ್ಚಲಿನ ಕಿಟಕಿಯ ಅಂಚಿನಲ್ಲಿ ಸೋಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಆ ಒಂದು ಸಾಲು ಇನ್ನೂ ಹಾಗೇ ಇತ್ತು. ‘ತುಕ್ಕಣ್ಣಾ, ಮಡಿಕೆ ಬಿಚ್ಚಿ ಓದಿದ್ಯಾ?’ ಬರೆದವನು ಅಲ್ಲಿ ಇಟ್ಟುಕೊಂಡ ಹೆಸರು ‘ಸೊನ್ನೆ’. ತುಕ್ಕಣ್ಣ ಎಂದರೆ ಅವಳೇ. ಒಂಬತ್ತು ವರ್ಷದ ಹಿಂದೆ ಒಂದು ತಂತ್ರಜ್ಞಾನ ಸುದ್ದಿಯ ತಾಣದಲ್ಲಿ ಕಾಮೆಂಟು ಹಾಕಲು ಒಂದು ಹೆಸರು ಕೊಡಿ ಎಂದು ಕೇಳಿದಾಗ, ಕೈಯಲ್ಲಿದ್ದ ತಿರುಪುಳಿಯ ತುದಿ ನೋಡಿ ‘ತುಕ್ಕು’ ಎಂದು ಕೊಟ್ಟಿದ್ದಳು. ಆಮೇಲೆ ಅಲ್ಲಿಯವರು ಪ್ರೀತಿಯಿಂದ ಅಣ್ಣನನ್ನು ತಾವೇ ಸೇರಿಸಿಕೊಂಡರು. ಅವಳು ಬೇಡ ಎನ್ನಲಿಲ್ಲ. ಈಗ ಅದೇ ಅಣ್ಣ ಕನ್ನಡಿಯಲ್ಲಿ ಬಾಯಿ ತುಂಬ ನೊರೆ ಮೆತ್ತಿಕೊಂಡು, ನಲವತ್ತೊಂದು ವರ್ಷದ ಹೆಂಗಸಾಗಿ, ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದ.

ಮಡಿಕೆ ಎಂದರೆ ಇಷ್ಟೇ. ಯಾರಾದರೂ ಮೂರು ಸಾಲಿಗಿಂತ ಉದ್ದ ಬರೆದರೆ ಆ ತಾಣ ಉಳಿದದ್ದನ್ನು ಒಳಗೆ ಮಡಚಿಟ್ಟು, ಕೆಳಗೆ ‘ಇನ್ನಷ್ಟು ಓದಿ’ ಎಂದು ಸಣ್ಣದಾಗಿ ತೋರಿಸುತ್ತದೆ. ಅದನ್ನು ಒತ್ತುವಷ್ಟು ವ್ಯವಧಾನ ಇರುವವರು ಅಲ್ಲಿಗೆ ಬರುವುದೇ ಇಲ್ಲ. ಆರು ದಿನದ ಹಿಂದೆ ಒಂದು ಸುದ್ದಿ ಬಂದಿತ್ತು. ಯಾವುದೋ ಕಂಪನಿ ತನ್ನ ಹಳೆಯ ಮಾದರಿಯ ಕಿವಿ ಮೆಷಿನ್ನಿಗೆ, ತಲೆಯೊಳಗೆ ಕೂರಿಸಿದ ಭಾಗದ ಜೊತೆ ಮಾತಾಡುವ ಆ ಹೊರಗಿನ ಮೆಷಿನ್ನಿಗೆ, ಇನ್ನು ಮುಂದೆ ಬಿಡಿಭಾಗ ಮಾರುವುದಿಲ್ಲವಂತೆ. ಅದರ ಕೆಳಗೆ ಹಳೇ ಚಾರ್ಜರ್ ಎಂಬ ಹೆಸರಿನವನು ಬರೆದಿದ್ದ. ಕಂಡದ್ದು ಮೂರು ಸಾಲು: ‘ಈ ಮೆಷಿನ್ನು ನಮ್ಮನೇಲೂ ಇದೆ, ನನ್ನ ಹೆಂಡತಿ ಕಿವೀಲಿ. ಇನ್ನು ಮೇಲೆ ನಾನು ಆಡೋ ಮಾತು ಅವಳಿಗೆ ಕೇಳಿಸೋದೇ ಇಲ್ವೇನೋ ಅಂತ ಈ ಸುದ್ದಿ ಹೇಳ್ತಿದೆ.’ ಅವಳು ಆಗ ತಾನು ಕೆಲಸ ಮಾಡುವ ಕಿವಿ ಕ್ಲಿನಿಕ್ಕಿನ ತನ್ನ ಮೇಜಿನಲ್ಲಿ, ಮೆಷಿನ್ನು ಕೂರಿಸಲು ತೆಗೆದ ಯಾರದೋ ಕಿವಿಯ ಅಚ್ಚನ್ನು ಉಜ್ಜುತ್ತಿದ್ದಳು. ಆ ತಾಣದಲ್ಲಿ ತನ್ನ ಕಸುಬಿನ ಸುದ್ದಿ ಬಂದದ್ದು ಅದೇ ಮೊದಲು. ಇನ್ನೊಬ್ಬರು ಬಾಯಿ ಹಾಕುವ ಮೊದಲು ತಾನು ಹಾಕಬೇಕೆಂಬ ಆತುರ, ಒಂದು ಥರದ ಜಿಪುಣ ಆತುರ, ಬೆರಳಿಗೆ ಬಂತು. ‘ಅಭಿನಂದನೆ. ಗಂಡಂದಿರು ಇಷ್ಟು ವರ್ಷ ಕಾಯ್ತಿದ್ದ ಅಪ್‌ಡೇಟ್ ಇದೇ ಅಲ್ವಾ.’ ಸಂಜೆಯೊಳಗೆ ಮುನ್ನೂರು ಲೈಕು. ಈ ಆರು ದಿನ ಅವಳು ಎಷ್ಟೋ ಸಲ ಅಲ್ಲಿಗೆ ಹೋಗಿ ಲೈಕು ನೋಡಿಕೊಂಡು ಬಂದಿದ್ದಾಳೆ. ಮಡಿಕೆ ಬಿಚ್ಚಿದ್ದು ಇವತ್ತು ಬೆಳಿಗ್ಗೆ.

ಒಳಗೆ ಹೀಗಿತ್ತು: ‘ವೈರು ಸಡಿಲ ಆಗಿದೆ. ಅವಳು ಬೆರಳಲ್ಲಿ ಒತ್ತಿ ಹಿಡ್ಕೊಂಡ್ರೆ ಕೇಳ್ಸುತ್ತೆ. ಬೆರಳು ಸೋತ್ರೆ ನಾನೂ ಮಾತು ನಿಲ್ಲಿಸ್ತೀನಿ. ಇಪ್ಪತ್ತೊಂದು ವರ್ಷದಿಂದ ನನ್ನ ಹಳಸಲು ಜೋಕು ಕೇಳಿ ಕೇಳಿ ಬದುಕಿರೋ ಹೆಂಗಸು. ಯಾರ ಹತ್ರಾನಾದ್ರೂ ಈ ವೈರು ಇದ್ರೆ ದಯವಿಟ್ಟು ಹೇಳಿ. ಚಪ್ಪಲಿ ಕೆಳಗೆ ಬಿಟ್ಟಿದ್ದೀನಿ.’

ಚಪ್ಪಲಿಯ ಮಾತನ್ನು ಅವಳು ಎರಡು ಸಲ ಓದಿದಳು. ಕಾಮೆಂಟಿನವರು ತಮ್ಮ ಜಾಗವನ್ನು ಕಟ್ಟೆ ಎನ್ನುತ್ತಿದ್ದರು. ಕಟ್ಟೆಯ ಮೇಲೆ ಯಾವ ಮಾತನ್ನೂ ಯಾರೂ ನಂಬಬೇಕಾಗಿರಲಿಲ್ಲ. ಅಡುಗೆ ಮಾಡುವ ರೋಬೋ ಬಂದಿದೆ ಎಂದರೆ, ‘ಪಾತ್ರೆ ತೊಳೆಯುತ್ತಾ? ಇಲ್ಲಾಂದ್ರೆ ಅದು ರೋಬೋ ಅಲ್ಲ, ನೆಂಟ’ ಎಂದು ಬರೆದು ಹೋಗುವುದು; ಮೂರು ಮಡಿಕೆಯ ಫೋನು ಬಂದರೆ, ‘ನಮ್ಮನೇಲಿ ಹಾಸಿಗೇನೇ ಯಾರೂ ಮಡಚಲ್ಲ’ ಎನ್ನುವುದು. ಆದರೆ ನಿಜ ಹೇಳಬೇಕಾದ ಹೊತ್ತು ಎಲ್ಲರಿಗೂ ಬರುತ್ತದಲ್ಲ. ಅದಕ್ಕೆ ಯಾವಾಗಲೋ ಯಾರೋ ‘ಚಪ್ಪಲಿ ಕೆಳಗೆ ಬಿಟ್ಟಿದ್ದೀನಿ’ ಎಂದು ಬರೆದರು, ಅದೇ ಪದ್ಧತಿಯಾಯಿತು. ಆ ಮಾತು ಇದ್ದರೆ ಯಾರೂ ನಗುವಂತಿಲ್ಲ. ಒಂಬತ್ತು ವರ್ಷದಲ್ಲಿ ಹತ್ತೋ ಹನ್ನೆರಡೋ ಸಲ ಅದು ಕಂಡಿರಬಹುದು, ಒಮ್ಮೆಯೂ ಯಾರೂ ನಕ್ಕಿರಲಿಲ್ಲ. ಇನ್ನೊಂದು ಪದ್ಧತಿ ಹಳೇ ಚಾರ್ಜರನದೇ. ಏನೇ ಸುದ್ದಿ ಬರಲಿ, ಗಡಿಯಾರವಾಗಲಿ, ಹಾರುವ ಕಾರಾಗಲಿ, ಸೂರ್ಯನ ಕಡೆ ಹೊರಟ ನೌಕೆಯಾಗಲಿ, ಅವನು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದ: ‘ಇದಕ್ಕೆ ಹಳೇ ಚಾರ್ಜರ್ ಆಗುತ್ತಾ?’ ಅದಕ್ಕೆ ಉತ್ತರ ಕೊಡಬಾರದು. ಯಾರೋ ಹೊಸಬ ಒಮ್ಮೆ, ‘ಇಲ್ಲ ಸರ್, ನೌಕೆಗೆ ಸೌರಫಲಕ ಇರುತ್ತೆ’ ಎಂದು ವಿವರಿಸಲು ಹೋಗಿ ಮೂರು ದಿನ ಎಲ್ಲರ ಬಾಯಿಗೆ ಬಿದ್ದು, ಮತ್ತೆ ಕಟ್ಟೆಯ ಕಡೆ ತಲೆಹಾಕಲಿಲ್ಲ. ಈ ಆರು ದಿನ ಯಾವ ಸುದ್ದಿಯ ಕೆಳಗೂ ಆ ಪ್ರಶ್ನೆ ಬಂದಿಲ್ಲ ಎಂಬುದು ಈಗ, ಬಚ್ಚಲಲ್ಲಿ, ಅವಳಿಗೆ ಹೊಳೆಯಿತು. ಅಳಿಸೋಣ ಎಂದರೆ ಒಬ್ಬರಾದರೂ ಮಾರುತ್ತರ ಕೊಟ್ಟ ಕಾಮೆಂಟನ್ನು ಆ ತಾಣ ಅಳಿಸಗೊಡುವುದಿಲ್ಲ. ಅವನೊಬ್ಬನಿಗೇ ಗುಟ್ಟಾಗಿ ಬರೆಯೋಣ ಎಂದರೆ ಅದಕ್ಕೂ ದಾರಿಯಿಲ್ಲ. ಏಳನೆಯ ದಿನಕ್ಕೆ ಪ್ರತಿ ಸುದ್ದಿಯ ಚರ್ಚೆಗೂ ಬೀಗ ಬೀಳುತ್ತದೆ, ಆಮೇಲೆ ಯಾರೂ ಬರೆಯುವಂತಿಲ್ಲ. ಇವತ್ತು ಸಂಜೆ ಆರಕ್ಕೆ ಇದಕ್ಕೆ ಬೀಳುತ್ತದೆ. ಆ ಮನುಷ್ಯ ಮತ್ತೆ ಬಂದು ನೋಡುವುದಾದರೆ ಇಲ್ಲೇ ನೋಡಬೇಕು, ತಾನು ಕೇಳಿದ ವೈರು ಯಾರ ಹತ್ತಿರವಾದರೂ ಇದೆಯೇ ಎಂದು. ಬಂದು ನೋಡಿದರೆ ಸಿಗುವುದು ಅವಳ ಮಾತು. ಅದರ ಕೆಳಗೆ ಮುನ್ನೂರು ಜನರ ನಗು.

“ಬಚ್ಚಲಿಗೇ ಬಾಡಿಗೆ ಕೊಡ್ತೀಯೇನೇ?” ಎಂದು ಹೊರಗಿನಿಂದ ಅಕ್ಕ ಬಾಗಿಲು ತಟ್ಟಿದಳು. ಅಕ್ಕ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನು, ಗೋಡೆಗೊಂದು ಉದ್ದ ಕನ್ನಡಿ, ಬಾಯಿಯಲ್ಲಿ ಸದಾ ನಾಲ್ಕು ಗುಂಡುಸೂಜಿ. ಆ ಸೂಜಿಗಳನ್ನು ತೆಗೆಯದೆಯೇ ಬೈಯುವುದನ್ನೂ ಕಲಿತಿದ್ದಳು. ತಂಗಿ ಫೋನಿನಲ್ಲಿ ಏನು ಮಾಡುತ್ತಾಳೆಂದು ಅವಳಿಗೆ ಗೊತ್ತಿಲ್ಲ. ಒಬ್ಬಳೇ ನಗುತ್ತಾಳೆ ಎಂದಷ್ಟು ಗೊತ್ತು. ತಿಂಡಿಯ ತಟ್ಟೆಯ ಮುಂದೆ ಕೂತಾಗ ಅಕ್ಕ ಅವಳ ಮುಖ ನೋಡಿ, “ಏನು, ಯಾರಿಗಾದ್ರೂ ಏನಾದ್ರೂ ಅಂದು ಬಂದಿದ್ದೀಯಾ?” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳು, “ನಾನ್ಯಾಕೆ ಅನ್ಲಿ?” ಎಂದು ತಟ್ಟನೆ ಅಂದಳು. ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಅದು ಅವಳು ಪೂರ್ತಿ ಮಾತಾಡುವ ಮೊದಲಿನ ಸಿದ್ಧತೆ. “ನೋಡು, ತಪ್ಪಾಗಿದ್ರೆ ತಪ್ಪಾಯ್ತು ಅನ್ನು. ಅದಕ್ಕೇನು ಅರ್ಜಿ ಫಾರಂ ತುಂಬ್ಬೇಕಾ? ನಾನು ಎಷ್ಟು ಜನರ ರವಿಕೆ ಕೆಡಿಸಿಲ್ಲ. ಬಿಚ್ಚೋದು, ಮತ್ತೆ ಹೊಲಿಯೋದು.” “ಬಿಚ್ಚಕ್ಕಾಗದ ಹೊಲಿಗೆ ಆದ್ರೆ?” “ಹಂಗಾದ್ರೆ ಬಟ್ಟೆ ಜಾಸ್ತಿ ಹಾಕ್ಬೇಕು,” ಎಂದು ಅಕ್ಕ ಎದ್ದು ಹೋದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಫೋನು ತೆಗೆದು ‘ಕ್ಷಮಿಸಿ’ ಎಂದು ಬರೆದು ಅಳಿಸಿದಳು. ‘ಪೂರ್ತಿ ಓದಿರಲಿಲ್ಲ’ ಎಂದು ಬರೆದಳು. ಅದು ಕ್ಷಮೆಗಿಂತ ಹೆಚ್ಚಾಗಿ ವಕೀಲನ ಮಾತಿನಂತೆ ಕಂಡಿತು. ಅಳಿಸಿದಳು. ಓದಿದ್ದರೆ ಅನ್ನುತ್ತಿರಲಿಲ್ಲವೇ? ಅನ್ನುತ್ತಿರಲಿಲ್ಲ, ನಿಜ. ಆದರೆ ಓದದೇ ಹೋದಾಗ ಬಾಯಿಗೆ ಮೊದಲು ಬಂದದ್ದು ಅದೇ ಏಕೆ? ಬೇರೆ ಎಷ್ಟು ಜೋಕು ಇರಲಿಲ್ಲ! ಅವಳು ಮದುವೆಯಾಗಿ ನಾಲ್ಕು ವರ್ಷ ಒಬ್ಬ ಒಳ್ಳೆಯ ಮನುಷ್ಯನ ಜೊತೆ ಇದ್ದಳು. ಅವನು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಅವಳು ಏನಾದರೂ ತಮಾಷೆ ಮಾಡಿದರೆ ತಲೆಯಾಡಿಸಿ, “ಅರ್ಥ ಆಯ್ತು,” ಎನ್ನುತ್ತಿದ್ದ. ಅಷ್ಟೇ. ಮೊದಮೊದಲು ಅವಳು ಆ ಮಾತಿಗೇ ನಗುತ್ತಿದ್ದಳು. ಆಮೇಲೆ ತಮಾಷೆ ಹೇಳುವ ಮುಂಚೆಯೇ ‘ಅರ್ಥ ಆಯ್ತು’ ಕಿವಿಗೆ ಬೀಳತೊಡಗಿತು, ಬಾಯಿ ಮುಚ್ಚಿತು. ಬಿಟ್ಟು ಬಂದದ್ದಕ್ಕೆ ಯಾರು ಕಾರಣ ಕೇಳಿದರೂ ಅವಳಿಗೆ ಹೇಳಲಾಗಲಿಲ್ಲ. ಜೋಕಿಗೆ ನಗಲಿಲ್ಲ ಎಂದು ಯಾರಾದರೂ ಗಂಡನನ್ನು ಬಿಡುತ್ತಾರೆಯೇ? ಕಟ್ಟೆಯ ಮೇಲೆ ಮೊದಲ ದಿನ ಅವಳ ಒಂದು ಮಾತಿಗೆ ಅರವತ್ತು ಜನ ನಕ್ಕಾಗ ಕಣ್ಣಲ್ಲಿ ನೀರು ಬಂದಿತ್ತು. ಆ ಅರವತ್ತರಲ್ಲಿ ಒಬ್ಬ ಹಳೇ ಚಾರ್ಜರ್. ಅವನೇ ಮೊದಲು ‘ತುಕ್ಕಣ್ಣ’ ಎಂದದ್ದು. ‘ತುಕ್ಕಣ್ಣ, ನಿಮ್ಮನ್ನ ಕಬ್ಬಿಣ ತಿನ್ನಲ್ಲ, ನೀವೇ ಕಬ್ಬಿಣ ತಿಂತೀರಿ’ ಎಂದಿದ್ದ. ಅಂಥವನು ಹೆಂಡತಿಯ ಬೆರಳು ನೋಡುತ್ತ ಕೂತು ಕೇಳಿದ ಸಹಾಯಕ್ಕೆ ಇವಳು ಕೊಟ್ಟದ್ದು, ಹೆಂಡತಿಯ ಮಾತಿಗೆ ಕಿವಿಗೊಡದ ಗಂಡಸರೆಲ್ಲ ಕೂತು ಚಪ್ಪಾಳೆ ತಟ್ಟುವಂಥ ಜೋಕು. ಗಂಡಸಿನ ಅಂಗಿ ಹಾಕಿಕೊಂಡು ಗಂಡಸಿನ ಜೋಕು. ನಾಚಿಕೆಯಾಯಿತು. ಇಳಿಯುವ ನಿಲ್ದಾಣ ದಾಟಿ ಹೋಗಿತ್ತು. ಇಳಿದು ಹಿಂದಕ್ಕೆ ನಡೆದಳು.

ಕ್ಲಿನಿಕ್ಕಿನ ಒಳಕೋಣೆಯಲ್ಲಿ ಅವಳ ಮೇಜು. ಭೂತಗನ್ನಡಿಯ ದೀಪ, ಸಣ್ಣ ಚಿಮಟ, ಕಿವಿಯ ಮೇಣ ತೆಗೆಯುವ ಕೊಕ್ಕೆಗಳು, ಹತ್ತಾರು ಪುಟ್ಟ ಡಬ್ಬಿಗಳಲ್ಲಿ ಯಾರ‍್ಯಾರದೋ ಕಿವಿಗಳು. ಹೌದು, ಕೆಲಸದಲ್ಲಿ ಅವರು ಹಾಗೇ ಅನ್ನುವುದು: ‘ಟೀಚರ್ ಕಿವಿ ಬಂತಾ?’ ‘ಡ್ರೈವರ್ ಎಡಗಿವಿ ರೆಡಿ.’ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಬಾರಿಸುವವನಿಗೆ ಬಾರಿಸಲು ಬರದಿದ್ದರೆ ಕಿವುಡನೇನು ಮಾಡಿಯಾನು ಎನ್ನುತ್ತಿದ್ದಳು. ಹದಿನೇಳು ವರ್ಷ ಈ ಮೇಜಿನಲ್ಲಿ ಕೂತು ಜನ ಹೇಗೆ ಕಿವುಡನ್ನು ಮುಚ್ಚಿಡುತ್ತಾರೆ, ಕೇಳಿಸದ ಮಾತಿಗೆ ಹೇಗೆ ನಗುತ್ತಾರೆ, ಎಲ್ಲರೂ ನಕ್ಕ ಮೇಲೆ ಅರ್ಧ ಕ್ಷಣ ತಡವಾಗಿ ಹೇಗೆ ನಗುತ್ತಾರೆ ಎಂದು ನೋಡಿದ್ದಾಳೆ. ಆ ಅರ್ಧ ಕ್ಷಣ ಕಂಡರೆ ಸಾಕು, ಪರೀಕ್ಷೆ ಮಾಡದೆಯೇ ಕಿವಿಯ ಸ್ಥಿತಿ ಹೇಳಬಲ್ಲಳು. ಇವತ್ತು ಬಂದ ನಿವೃತ್ತ ಪೋಸ್ಟ್‌ಮ್ಯಾನು ಕುರ್ಚಿಯಲ್ಲಿ ಕೂತು, ಹೊಸ ಮೆಷಿನ್ನು ಹಾಕಿಸಿಕೊಂಡು, ಎದ್ದು ನಾಲ್ಕು ಹೆಜ್ಜೆ ಇಟ್ಟು, “ಇದೇನಮ್ಮ, ನನ್ನ ಪ್ಯಾಂಟು ಸದ್ದು ಮಾಡುತ್ತೆ?” ಎಂದರು. ನಡೆದಾಗ ಬಟ್ಟೆ ಉಜ್ಜುವ ಸದ್ದು. ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅವರು ಕೋಣೆಯಲ್ಲಿ ಆ ಕಡೆಯಿಂದ ಈ ಕಡೆ ಮೂರು ಸಲ ನಡೆದು ತಮ್ಮ ಪ್ಯಾಂಟಿನ ಸದ್ದನ್ನು ಕೇಳಿದರು. ಬೇರೆ ದಿನವಾಗಿದ್ದರೆ ಅವಳು ಇದನ್ನು ಮನಸ್ಸಲ್ಲೇ ಮಡಚಿಟ್ಟುಕೊಂಡು ಯಾವುದಾದರೂ ಸುದ್ದಿಯ ಕೆಳಗೆ ಬಳಸುತ್ತಿದ್ದಳು. ಇವತ್ತು ಅವರ ಕೈ ಹಿಡಿದುಕೊಂಡಳು.

ವೈರು ಅವಳ ಹತ್ತಿರ ಇತ್ತು. ಬೆಳಿಗ್ಗೆ ಬಚ್ಚಲಿನಲ್ಲೇ ಅದು ನೆನಪಾಗಿತ್ತು, ಆಮೇಲೆ ಇತ್ತೋ ಇಲ್ಲವೋ ಎಂಬ ಅನುಮಾನವೂ ಆಗಿತ್ತು. ಹೊಸ ಮೆಷಿನ್ನು ತಗೊಂಡವರು, ತೀರಿಹೋದವರ ಮನೆಯವರು ಹಳೆಯದನ್ನು ತಂದು ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಎಸೆಯಲು ಅವರಿಗೆ ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಅವೆಲ್ಲ ಕೆಳಗಿನ ಡ್ರಾಯರಿನಲ್ಲಿದ್ದವು. ಹೋದ ತಿಂಗಳು ಡಾಕ್ಟರು ಡ್ರಾಯರು ಖಾಲಿ ಮಾಡಿಸಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಸಿದ್ದರು, ಗುಜರಿಯವನು ಬಂದಾಗ ಕೊಡಲೆಂದು. ಗುಜರಿಯವನು ಬಂದಿದ್ದನೇ? ಮುಂದಿನ ಮೇಜಿನಲ್ಲಿ ಫೋನು, ಅಪಾಯಿಂಟ್‌ಮೆಂಟು ನೋಡಿಕೊಳ್ಳುವ ಹುಡುಗಿಯನ್ನು ಕೇಳಿದಳು. “ಆ ಚೀಲಾನಾ ಮೇಡಂ?” ಎಂದು ಹುಡುಗಿ ಉಗುರು ಕಚ್ಚಿದಳು. “ಮೇಡಂ, ಬೈಬೇಡಿ. ಆ ಹಿಂದಿನ ಬಾಗಿಲು ಗಾಳಿಗೆ ಬಡ್ಕೊಳ್ತಿತ್ತು. ಅದಕ್ಕೇ ಅಡ್ಡ ಇಟ್ಟಿದ್ದೀನಿ.” ನಿಜವಾಗಿಯೂ, ಹಿಂಬಾಗಿಲಿಗೆ ಅಡ್ಡವಾಗಿ, ಹದಿನೇಳು ವರ್ಷದ ಕಿವಿಗಳು ಚೀಲದಲ್ಲಿ ಕೂತಿದ್ದವು.

ಹೇಳದೆ ತಗೊಳ್ಳುವುದು ಬೇಡ ಎಂದು ಡಾಕ್ಟರ ಕೋಣೆಗೆ ಹೋದಳು. ಅವರು ಮಧ್ಯಾಹ್ನದ ಊಟ ಮುಗಿಸಿ ಡಬ್ಬಿಯ ಮುಚ್ಚಳ ಕೂರಿಸಲು ಹೆಣಗುತ್ತಿದ್ದರು. ಚೀಲದಲ್ಲಿ ಒಂದು ಹಳೇ ಮಾದರಿಯ ಮೆಷಿನ್ನು, ಅದರ ವೈರು ಬೇಕಿತ್ತು, ಒಬ್ಬರಿಗೆ ಕೊಡಬೇಕು ಎಂದಳು. “ಯಾರಿಗೆ?” “ಪರಿಚಯದವರು ಡಾಕ್ಟ್ರೇ.” “ಹೆಸರೇನು? ನಮ್ಮ ಪೇಷಂಟಾ?” “ಅಲ್ಲ. ಹೆಸರು...” ಎಂದು ನಿಂತಳು. ಹಳೇ ಚಾರ್ಜರ್ ಎಂದು ಹೇಳುವುದು ಹೇಗೆ? “ಹೆಸರು ಗೊತ್ತಿಲ್ಲ ಡಾಕ್ಟ್ರೇ.” ಡಾಕ್ಟರು ಡಬ್ಬಿ ಕೆಳಗಿಟ್ಟರು. “ಎಷ್ಟು ದಿನದ ಪರಿಚಯ?” “ಒಂಬತ್ತು ವರ್ಷ.” ಅವಳ ಕಿವಿ ಬಿಸಿಯಾಯಿತು. ತಾನು ಯಾವುದೋ ಸುಳ್ಳು ಹೇಳುವ ಶಾಲೆಯ ಹುಡುಗಿಯಂತೆ, ಮೇಜಿನ ಅಂಚಿನ ಕಿತ್ತ ಪಟ್ಟಿಯನ್ನು ಉಗುರಲ್ಲಿ ಒತ್ತುತ್ತ ನಿಂತಿರುವುದು ಅವಳಿಗೇ ಕಾಣಿಸಿತು. ಡಾಕ್ಟರು ಅವಳನ್ನೇ ನೋಡಿ, “ಒಂಬತ್ತು ವರ್ಷ, ಹೆಸರು ಗೊತ್ತಿಲ್ಲ. ಇರಲಿ, ನಮ್ಮ ಬೀಗರ ಕಡೇಲೂ ಅಂಥವರು ನಾಲ್ಕು ಜನ ಇದ್ದಾರೆ,” ಎಂದರು. “ತಗೊಳ್ಳಿ. ಆದ್ರೆ ಚೆಕ್ ಮಾಡದೇ ಕೊಡಬೇಡಿ. ಮತ್ತೆ ಈ ಡಬ್ಬಿ ಮುಚ್ಚಳ ಸ್ವಲ್ಪ ನೋಡಿ, ನಿಮ್ಮ ಕೈ ಸೂಕ್ಷ್ಮ.” ಅವಳು ಮುಚ್ಚಳ ಕೂರಿಸಿಕೊಟ್ಟಳು.

ಚೀಲವನ್ನು ಮೇಜಿನ ಮೇಲೆ ಸುರಿದಳು. ಅದೇ ಮಾದರಿಯ ಇಡೀ ಮೆಷಿನ್ನು ಒಂದು ಸಿಕ್ಕಿತು, ಕಿವಿಯ ಹಿಂದೆ ಕೂರುವಂಥದ್ದು, ಹುರುಳಿಕಾಯಿಯಷ್ಟು ಬಾಗಿದ್ದು. ಅದರ ಜೊತೆ ತಲೆಗೆ ಅಂಟಿ ಕೂರುವ ಬಿಲ್ಲೆ; ಎರಡನ್ನೂ ಜೋಡಿಸುವ ಗೇಣಿಗಿಂತ ಚಿಕ್ಕ ವೈರು. ಇನ್ನೊಂದು ವೈರು ಬೇರೆಯಾಗಿ ಸಿಕ್ಕಿತು. ಬ್ಯಾಟರಿ ಇತ್ತು, ಅದರಲ್ಲಿ ಚೂರು ಚಾರ್ಜೂ ಉಳಿದಿತ್ತು, ಚಾರ್ಜರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಮೆಷಿನ್ನಿನ ಅಂಚಿನಲ್ಲಿ ಒಂದು ನರೆತ ಕೂದಲು ಅಂಟಿಕೊಂಡಿತ್ತು. ಯಾರದು? ಹಾಡು ಕಲಿಸುತ್ತಿದ್ದ ಆ ಎತ್ತರದ ಹೆಂಗಸಿನದೇ? ಅವಳ ಮಗಳು ಇದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದು, “ಇದರೊಳಗೆ ಅಮ್ಮ ಕೇಳಿಸ್ಕೊಂಡಿದ್ದೆಲ್ಲಾ ಇರುತ್ತಾ?” ಎಂದು ಕೇಳಿದ್ದು, ತಾನು ಇಲ್ಲ ಎಂದದ್ದು ನೆನಪಿತ್ತು. ಆವತ್ತು ಮೆತ್ತಗೆ ಹೇಳಿದ್ದೆನೇ? ನೆನಪಾಗಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದಳು, ತುದಿಗಳ ಹಸಿರುಕಲೆಯನ್ನು ಉಜ್ಜಿ ತೆಗೆದಳು. ಸದ್ದು ದಾಟಿದರೆ ದೀಪ ಮಿಣುಕಿಸುವ ಪರೀಕ್ಷೆಯ ಕಡ್ಡಿಯನ್ನು ಬಿಲ್ಲೆಯ ಪಕ್ಕ ಹಿಡಿದು, “ಒಂದು, ಎರಡು, ಮೂರು,” ಎಂದು ಮೆಷಿನ್ನಿಗೆ ಹೇಳಿದಳು. ಹಸಿರು ದೀಪ ಅವಳ ಪ್ರತಿ ಅಂಕಿಗೂ ಮಿಣುಕಿತು. ಎರಡೂ ವೈರುಗಳನ್ನು ಒಂದೊಂದಾಗಿ ಹಾಕಿ, ಬಗ್ಗಿಸಿ, ತಿರುಚಿ, ಎಳೆದು ನೋಡಿದಳು. ದೀಪ ಆರಲಿಲ್ಲ. ಹೇಳಲು ಮತ್ತೇನೂ ತೋಚದೆ, ಯಾರೂ ಇಲ್ಲದ ಕೋಣೆಯಲ್ಲಿ ಆ ಬಾಗಿದ ಮೆಷಿನ್ನಿಗೆ, “ತಪ್ಪಾಯ್ತು,” ಎಂದಳು. ಅದಕ್ಕೂ ಮಿಣುಕಿತು.

ಐದೂವರೆಗೆ ಬರೆಯಲು ಕೂತಳು. ಮೂರು ಸಾಲಿನ ಮಡಿಕೆಯನ್ನು ಈ ಸಲ ಮರೆಯುವಂತಿರಲಿಲ್ಲ. ಮುಖ್ಯವಾದದ್ದೆಲ್ಲ ಮೇಲೇ ಬರಬೇಕು. ‘ಚಪ್ಪಲಿ ಕೆಳಗೆ ಬಿಟ್ಟಿದ್ದೀನಿ. ಹಳೇ ಚಾರ್ಜರ್ ಅವರೇ, ವೈರು ನನ್ನ ಹತ್ರ ಇದೆ, ಇಡೀ ಮೆಷಿನ್ನೂ ಇದೆ. ಈ ನಂಬರಿಗೆ ಫೋನ್ ಮಾಡಿ.’ ಕ್ಲಿನಿಕ್ಕಿನ ನಂಬರು ಹಾಕಿದಳು. ಅದರ ಕೆಳಗೆ, ಮಡಿಕೆಯೊಳಗೆ ಹೋಗುವ ಜಾಗದಲ್ಲಿ, ಉಳಿದದ್ದನ್ನು ಬರೆದಳು: ‘ನಾನು ತುಕ್ಕಣ್ಣ ಅಲ್ಲ, ಹೆಂಗಸು. ಕಿವಿ ಮೆಷಿನ್ ರಿಪೇರಿ ನನ್ನ ಕೆಲಸ. ಕೇಳಿಸದೇ ಇರೋದು ಅಂದ್ರೇನು ಅಂತ ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿರಬೇಕಿತ್ತು. ನೀವು ಬರೆದಿದ್ದನ್ನ ಪೂರ್ತಿ ಓದದೇ ನಗಾಡಿದೆ. ತಪ್ಪಾಯ್ತು.’ ಕಣ್ಣು ಮುಚ್ಚಿ ಒತ್ತಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗಲಿ ಎಂದು ಕಳಿಸುವ ಮಾತೂ ಒಂದಿರುತ್ತದೆ.

ಒಂದೇ ನಿಮಿಷದಲ್ಲಿ ನಗು ಬಂತು. ‘ತುಕ್ಕಣ್ಣ ಚಪ್ಪಲಿ ಬಿಟ್ಟನಂತೆ, ಯಾರಾದ್ರೂ ಎತ್ಕೊಂಡು ಹೋಗ್ರಪ್ಪೋ.’ ‘ಆ ಚಪ್ಪಲೀಗೆ ಹಳೇ ಚಾರ್ಜರ್ ಆಗುತ್ತಾ?’ ‘ಇದು ಯಾರ ನಂಬರು ಗುರು, ಸಾಲ ಕೊಟ್ಟವನದಾ?’ ಅವಳು ಕೈ ಚೆಲ್ಲಿ ಕೂತಳು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳು ಚಪ್ಪಲಿ ಬಿಟ್ಟವಳಲ್ಲ. ಈಗ ಬಿಟ್ಟರೆ ಯಾರು ನಂಬುತ್ತಾರೆ? ಮಡಿಕೆ ಬಿಚ್ಚಿ ನೋಡುವವರಾದರೂ ಯಾರು? ಅವಳೇ ಬಿಚ್ಚಿರಲಿಲ್ಲ. ಸೊನ್ನೆ ಒಬ್ಬ ಮಾತ್ರ, ‘ಸುಮ್ನಿರ್ರೋ, ಬಿಚ್ಚಿ ಓದ್ರೋ,’ ಎಂದು ಬರೆದ. ಅಷ್ಟು ಹೊತ್ತಿಗೆ ಅದರ ಮೇಲೆ ಹದಿನೈದು ನಗು ಬಂದು ಕೂತಿದ್ದವು. ಹೊರಗೆ ಮುಂದಿನ ಮೇಜಿನ ಫೋನು ಬಡಿದುಕೊಂಡಿತು. ಅವಳು ಎದ್ದು ಓಡುವಷ್ಟರಲ್ಲಿ ಹುಡುಗಿ, “ತುಕ್ಕಾ? ಯಾವ ತುಕ್ಕು?” ಎಂದು ಇಟ್ಟಿದ್ದಳು. “ಯಾರೋ ಪೋಲಿಗಳು ಮೇಡಂ, ತುಕ್ಕಣ್ಣ ಇದ್ದಾನಾ ಅಂತ ಕೇಳಿ ಹಲ್ಲು ಕಿಸಿದ್ರು.” ಅವಳು, ಮತ್ತೆ ಬಂದರೆ ಕರೆ ಎಂದು ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಡಾಕ್ಟರು ಒಳಗಿನಿಂದ ಕರೆದರು, ಕೊನೆಯ ಪೇಷಂಟಿನ ಅಚ್ಚು ಎಲ್ಲಿ ಎಂದು. ಹುಡುಕಿ ಕೊಟ್ಟಳು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಎಂಟು ನಿಮಿಷ. ಮತ್ತೆ ಫೋನು ಬಡಿಯಿತು, ನಿಂತಿತು, ಮತ್ತೆ ಬಡಿಯಿತು. ಅವಳು ಅಚ್ಚಿನ ಡಬ್ಬಿ ಕೈಯಲ್ಲೇ ಹಿಡಿದು ಬಂದಾಗ ಹುಡುಗಿ ರಿಸೀವರನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. “ಇದು ಮೂರನೇದು ಮೇಡಂ. ಈ ಮುದುಕಪ್ಪ ಬೇರೆ ಕಿರುಚ್ತಾನೆ. ಹಳೇ ಚಾರ್ಜರ್ ಅಂತೆ. ನಾವು ಹಳೇ ಸಾಮಾನು ತಗೊಳಲ್ಲ ಅಂತ ಹೇಳಿ ಇಟ್ಬಿಡ್ಲಾ?”

“ಕೊಡಿಲ್ಲಿ,” ಎಂದು ಅವಳು ಕಿತ್ತುಕೊಂಡಳು. ಆ ಕಡೆಯ ದನಿ ದೊಡ್ಡದಾಗಿತ್ತು, ನಿಧಾನವಾಗಿತ್ತು, ಪ್ರತಿ ಪದವನ್ನೂ ಬಿಡಿಸಿ ಇಡುತ್ತಿತ್ತು. ಕೇಳಿಸದವರ ಜೊತೆ ಬಹಳ ವರ್ಷ ಪ್ರೀತಿಯಿಂದ ಬದುಕಿದವರು ಹಾಗೆ ಮಾತಾಡುವುದು ಅವಳಿಗೆ ಗೊತ್ತು. “ತುಕ್ಕಣ್ಣ ಇದ್ದಾರಾ?” “ನಾನೇ,” ಎಂದಳು. ಆ ಕಡೆಯವರು ಅಂದರು, “ಓ. ಮಡಿಕೆಯೊಳಗೆ ಬರೆದಿದ್ದು ಓದ್ದೆ. ಆದ್ರೂ ನಮ್ಮ ಬಾಯಿಗೆ ತುಕ್ಕಣ್ಣ ಅಂತಾನೇ ಬರುತ್ತೆ, ಏನೂ ಅನ್ಕೋಬೇಡಿಮ್ಮ.” ಅವಳು ಕ್ಷಮೆ ಕೇಳಲು ಹೊರಟಳು. “ಸರ್, ನಾನು ಆವತ್ತು...” “ಸುಳ್ಳು ಹೇಳಲ್ಲ, ಮೊದ್ಲು ಚುಚ್ಚಿತು,” ಎಂದರು ಅವರು. “ಫೋನು ಮುಚ್ಚಿಟ್ಟೆ. ಆಮೇಲೆ ವೈರು ಹುಡುಕ್ಕೊಂಡು ಅಂಗಡಿ ಅಂಗಡಿ ಅಲೆದೆ, ಆರು ದಿನ. ಮೊನ್ನೆ ಇವಳು ಕೇಳಿದ್ಲು, ನಿಮ್ಮ ಕಟ್ಟೇಲಿ ಏನಂದ್ರು ಅಂತ. ಓದಿ ಹೇಳಿದೆ. ವೈರು ಹಿಡ್ಕೊಂಡು ಕೇಳಿದ್ಲು. ಕೇಳಿ ನಕ್ಕಳು ನೋಡಿ, ಹೊಟ್ಟೆ ಹಿಡ್ಕೊಂಡು ನಕ್ಕಳು. ನಗುವಾಗ ಬೆರಳು ಜಾರಿಬಿಡ್ತು. ಅರ್ಧ ನಗು ಅವಳಿಗೇ ಕೇಳಿಸ್ಲಿಲ್ಲ.”

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಹುಡುಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಅವಳ ಕಡೆ ಸರಿಸಿದಳು. “ಇವಳು ಪಕ್ಕದಲ್ಲೇ ಇದ್ದಾಳೆ,” ಎಂದಿತು ದನಿ. “ಬೆರಳು ಹಿಡ್ಕೊಂಡೇ ಕೂತಿದ್ದಾಳೆ. ಬೇಗ ಹೇಳಿಮ್ಮ, ಬೆರಳು ಸೋಲುತ್ತೆ.” ಅವಳು ಹೇಳಿದಳು. ಎರಡು ವೈರು ಇದೆ, ಎರಡೂ ಚೆಕ್ ಮಾಡಿದ್ದೀನಿ. ಇಡೀ ಮೆಷಿನ್ನೂ ಇದೆ, ಅದೇ ಮಾದರಿ. ನಿಮ್ಮವರಿಗೆ ಕೂರಿಸಿದ ಅಳತೆಯನ್ನು ಇದಕ್ಕೂ ತುಂಬಬೇಕಾಗುತ್ತದೆ, ಅದನ್ನು ನಾನೇ ಮಾಡಿಕೊಡುತ್ತೇನೆ, ಇಲ್ಲವೇ ನಿಮಗೆ ಹತ್ತಿರದ ಕಿವಿ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಕೆಲಸದ ಮಾತು ಬಂದಾಗ ಅವಳ ದನಿ ತಾನಾಗಿ ನೆಟ್ಟಗಾಯಿತು, ನಿಧಾನವಾಯಿತು, ಪದಗಳು ಬಿಡಿಬಿಡಿಯಾದವು. “ಒಂದೇ ಒಂದು ಕೊರತೆ,” ಎಂದಳು. “ಇದರ ಚಾರ್ಜರ್ ಸಿಗ್ಲಿಲ್ಲ.”

ಅವರು, ಒಂಬತ್ತು ವರ್ಷದಿಂದ ಕಟ್ಟೆಯವರೆಲ್ಲ ನಕ್ಕ ಆ ಪ್ರಶ್ನೆಯನ್ನು, ಅದೇ ಪದಗಳಲ್ಲಿ, ಬೇಡುವವರ ಹಾಗೆ ದನಿ ತಗ್ಗಿಸಿ ಕೇಳಿದರು. “ಮತ್ತೆ... ಇದಕ್ಕೆ ಹಳೇ ಚಾರ್ಜರ್ ಆಗುತ್ತಾ?”

ನಗು ಬಾಯಿಯವರೆಗೆ ಬಂದಿತ್ತು, ನಿಂತಿತು. ಇದನ್ನು ಮೊದಲ ಸಲ ಕೇಳಿದ ದಿನವೂ ಈ ಮನುಷ್ಯನ ಮೇಜಿನ ಮೇಲೆ ಆ ಮೆಷಿನ್ನು ಚಾರ್ಜಿಗೆ ಕೂತಿತ್ತೇನೋ. ಪ್ರತಿ ಹೊಸ ಸುದ್ದಿ ಬಂದಾಗಲೂ ಹಳೆಯದೊಂದು ನಿಂತುಹೋಗುತ್ತದಲ್ಲ ಎಂಬ ಹೆದರಿಕೆಯನ್ನೇ ಅವರು ತಮಾಷೆಯ ಬಟ್ಟೆ ತೊಡಿಸಿ ಕಳಿಸುತ್ತಿದ್ದರೇನೋ, ಯಾರಾದರೂ ಒಬ್ಬರು ಉತ್ತರ ಕೊಟ್ಟಾರು ಎಂದು. ಉತ್ತರ ಕೊಡಬಾರದು ಎಂಬ ನಿಯಮ ಮಾಡಿಕೊಂಡವರು ತಾವು. ಕಣ್ಣು ತುಂಬಿ ಬಂತು. ಗಡಿಯಾರದಲ್ಲಿ ಆರು ದಾಟಿತ್ತು, ಅಲ್ಲಿ ಬೀಗ ಬಿದ್ದಿರಬೇಕು.

“ಆಗುತ್ತೆ ಸರ್,” ಎಂದಳು. “ನಿಮ್ಮ ಹಳೇ ಚಾರ್ಜರೇ ಆಗುತ್ತೆ.”

“ಆಗುತ್ತಂತೆ ಕಣೇ,” ಎಂದು ಅವರು ಫೋನಿನಿಂದ ಬಾಯಿ ಆ ಕಡೆ ತಿರುಗಿಸಿ ಹೇಳಿದರು. ಉತ್ತರ ಬರಲಿಲ್ಲ. ಬೆರಳು ಸೋತಿರಬೇಕು, ಬದಲಾಯಿಸುತ್ತಿರಬೇಕು. ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡು ಉಸಿರು ಹಿಡಿದಳು. “ಆಗುತ್ತಂತೆ,” ಎಂದು ಅವರು ಮತ್ತೆ ಅಂದರು. ಮತ್ತೂ ಒಮ್ಮೆ ಜೋರಾಗಿ ಅಂದರು. ಆಮೇಲೆ, ದೂರದಿಂದ, ಸ್ವಲ್ಪ ತಡವಾಗಿ, ಒಬ್ಬ ಹೆಂಗಸಿನ ದನಿ ಬಂತು.

“ಕೇಳಿಸ್ತು, ಕಿರುಚ್ಬೇಡಿ.”